ಇಲ್ಲದ ವಸ್ತುವಿಗೆ ನೆರಳು ಬರೆದವನು

(ಕಳೆದ ತಿಂಗಳು ನಮ್ಮ ಬಡಾವಣೆಯ ಚಿತ್ರಕಲಾ ಬಳಗದ ಮುಂದೆ ಆಡಿದ ಮಾತುಗಳಿವು. ತಡವರಿಸಿದ ಕಡೆ ಸ್ವಲ್ಪ ಸರಿಮಾಡಿದ್ದೇನೆ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ತೋರಿಸಬೇಕು. ಅದೇನೂ ನಷ್ಟವಲ್ಲ. ಆ ದಿನದ ಪ್ರೊಜೆಕ್ಟರ್ ಬೂದು ಬಣ್ಣವನ್ನೆಲ್ಲ ತಿಳಿ ನೇರಳೆ ಮಾಡಿಬಿಟ್ಟಿತ್ತು. ಬೂದು ಬಣ್ಣವನ್ನೇ ನಂಬಿಕೊಂಡಿದ್ದ ಕಲಾವಿದನಿಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಒಬ್ಬ ಫ್ರೆಂಚ್ ಚಿತ್ರಕಲಾವಿದನ ಬಗ್ಗೆ. ಮೊದಲು ಅವನ ಹೆಸರಿನ ವಿಷಯ ಮುಗಿಸಿಬಿಡುತ್ತೇನೆ. ಕರಪತ್ರದಲ್ಲಿ 'ಟ್ಯಾಂಗುಯ್' ಅಂತ ಅಚ್ಚಾಗಿದೆ. ತಪ್ಪೇನಲ್ಲ, ಇಂಗ್ಲಿಷ್ ಸ್ಪೆಲಿಂಗ್ ನೋಡಿದರೆ ಯಾರಾದರೂ ಹಾಗೇ ಓದುತ್ತಾರೆ. ಫ್ರೆಂಚರ ಬಾಯಲ್ಲಿ ಅದು ಈವ್ ತಾಂಗಿ. ನಮ್ಮ 'ತಂಗಿ'ಗೆ ಒಂದು ದೀರ್ಘ ಕೊಟ್ಟರೆ ಆಯಿತು.

ಈಗ ಬಸ್ಸಿನ ಕಥೆ. ಇಸವಿ 1923, ಊರು ಪ್ಯಾರಿಸ್. ಆ ಕಾಲದ ಪ್ಯಾರಿಸ್ ಬಸ್ಸಿನ ಹಿಂದೆ ಬಾಗಿಲಿಲ್ಲದ ಒಂದು ಕಟ್ಟೆ ಇರುತ್ತಿತ್ತು. ಜನ ಅಲ್ಲಿ ಗಾಳಿಗೆ ಮುಖ ಕೊಟ್ಟು ನಿಂತಿರುತ್ತಿದ್ದರು. ಇಪ್ಪತ್ತಮೂರು ವರ್ಷದ ತಾಂಗಿ ಹಾಗೆ ನಿಂತಿದ್ದಾನೆ. ಬಸ್ಸು ಪಾಲ್ ಗಿಯೋಮ್ ಎಂಬ ಕಲಾ ವ್ಯಾಪಾರಿಯ ಗ್ಯಾಲರಿ ದಾಟುತ್ತದೆ. ಗಾಜಿನ ಹಿಂದೆ ಒಂದು ಚಿತ್ರ. ಇಟಲಿಯ ಜಾರ್ಜಿಯೊ ದಿ ಕಿರಿಕೊ ಬರೆದದ್ದು. ತಾಂಗಿ ಓಡುತ್ತಿದ್ದ ಬಸ್ಸಿನಿಂದ ಹಾರಿ ಇಳಿದ. ಚಿತ್ರದ ಮುಂದೆ ಹೋಗಿ ನಿಂತ. ಅಲ್ಲಿಯವರೆಗೆ ಅವನು ಕಲಾವಿದನಲ್ಲ. ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತಿದವನಲ್ಲ. ಆ ಚಿತ್ರ ನೋಡಿದ ಮೇಲೆ ನಾನೂ ಚಿತ್ರ ಬರೆಯುತ್ತೇನೆ ಅಂತ ನಿರ್ಧಾರ ಮಾಡಿದ.

ಇದು ಸ್ವಲ್ಪ ಕಟ್ಟುಕಥೆಯ ಹಾಗೆ ಕೇಳಿಸುತ್ತದೆ, ಅಲ್ವಾ? ಅದರಲ್ಲೂ ಸರ್ರಿಯಲಿಸ್ಟರ, ಅಂದರೆ ಬುದ್ಧಿಯ ಹಿಡಿತ ಬಿಟ್ಟು ಕನಸಿನಿಂದ, ಒಳಮನಸ್ಸಿನಿಂದ ಕಲೆ ಹುಟ್ಟಲಿ ಅಂದವರ, ಮುಂದಾಳು ಆಂದ್ರೆ ಬ್ರೆಟನ್ ಕೂಡ ಕೆಲವು ವರ್ಷ ಮೊದಲು ಇಂಥದ್ದೇ ಕೆಲಸ ಮಾಡಿದ್ದ. ಅವನೂ ದಿ ಕಿರಿಕೊನ 'ಮಗುವಿನ ಮಿದುಳು' ಎಂಬ ಚಿತ್ರ ಕಂಡು ಬಸ್ಸಿನಿಂದ ಇಳಿದವನೇ. ಅದನ್ನು ಕೊಂಡು ಮನೆಗೂ ತಂದ. ಒಬ್ಬನೇ ಕಲಾವಿದನ ಚಿತ್ರಕ್ಕಾಗಿ ಎರಡು ಬಸ್ಸು ಬಿಟ್ಟವರು ಮುಂದೆ 1925ರಲ್ಲಿ ಭೇಟಿಯಾಗಿ ಗೆಳೆಯರಾದರು. ಒಂದು ಮಾತು ಗಮನಿಸಿ. ಬ್ರೆಟನ್ ಚಿತ್ರವನ್ನು ಕೊಂಡುಕೊಂಡ. ತಾಂಗಿಯ ಹತ್ತಿರ ದುಡ್ಡಿರಲಿಲ್ಲ. ಅವನು ಕುಂಚ ಹಿಡಿದ.

ಹಿಂದಿನ ಕಥೆ ಸ್ವಲ್ಪ ಹೇಳಬೇಕು. ತಾಂಗಿ ಹುಟ್ಟಿದ್ದು 1900ರ ಜನವರಿ 5ರಂದು, ಪ್ಯಾರಿಸ್ಸಿನ ನೌಕಾ ಸಚಿವಾಲಯದ ಕಟ್ಟಡದೊಳಗೇ. ಅಪ್ಪ ಹಡಗಿನ ಕಪ್ತಾನನಾಗಿದ್ದು ನಿವೃತ್ತನಾಗಿ ಅಲ್ಲಿ ಕೆಲಸಕ್ಕಿದ್ದ. ಹುಡುಗನಿಗೆ ಎಂಟು ವರ್ಷವಾದಾಗ ಅಪ್ಪ ತೀರಿಕೊಂಡ. ಮನೆಯವರು ಬ್ರಿಟನಿಯ ಕಡೆಯವರು. ಬ್ರಿಟನಿ ಅಂದರೆ ಫ್ರಾನ್ಸಿನ ಪಶ್ಚಿಮದ ತುದಿ, ಅಟ್ಲಾಂಟಿಕ್ ಸಾಗರಕ್ಕೆ ಚಾಚಿದ ಮೂಗು. ಅಮ್ಮ ಅಲ್ಲಿನ ಲೋಕ್ರೊನಾನ್ ಎಂಬ ಕಲ್ಲುಮನೆಗಳ ಹಳ್ಳಿಗೆ ಹೋಗಿ ನೆಲೆಸಿದಳು. ಹುಡುಗನ ರಜೆಗಳೆಲ್ಲ ಅಲ್ಲೇ.

ಆ ಸೀಮೆ ಹೇಗಿದೆ ಅಂದರೆ, ಸಾವಿರಾರು ವರ್ಷ ಹಿಂದೆ ಯಾರೋ ನೆಟ್ಟ ನಿಲುವುಗಲ್ಲುಗಳು ಬಯಲಿನಲ್ಲಿ ಸುಮ್ನೆ ನಿಂತಿರುತ್ತವೆ. ಸಮುದ್ರ ಇಳಿದಾಗ ದೂರದವರೆಗೂ ಒದ್ದೆ ಮರಳು. ಅದರ ಮೇಲೆ ಚಿಪ್ಪು, ಪಾಚಿ, ನೀರು ಕೊರೆದ ಕಲ್ಲು. ಎಲ್ಲಿ ಮರಳು ಮುಗಿದು ನೀರು ಶುರುವಾಯಿತು, ಎಲ್ಲಿ ನೀರು ಮುಗಿದು ಆಕಾಶ ಶುರುವಾಯಿತು ಅಂತ ಮಂಜಿನ ದಿನ ಹೇಳಲು ಬರುವುದಿಲ್ಲ. ಹತ್ತಿರದ ದುವರ್ನೆನೆ ಕೊಲ್ಲಿಯಲ್ಲಿ ಈಸ್ ಎಂಬ ಪಟ್ಟಣವೇ ಮುಳುಗಿಹೋಗಿದೆ ಅಂತ ಅಲ್ಲಿಯವರ ಹಳೆಯ ಕಥೆ. ತಾಂಗಿಯ ಚಿತ್ರ ನೋಡಿದವರೆಲ್ಲ 'ಇದು ಸಮುದ್ರದ ತಳ' ಅನ್ನುತ್ತಾರೆ. ಹಾಗನ್ನಲು ಕಾರಣ ಈ ಊರುಗಳು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ನೀರಿನ ತಳದಲ್ಲಿ ಅಷ್ಟು ಗಟ್ಟಿ ನೆರಳು ಬೀಳುವುದಿಲ್ಲ. ನೆರಳಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನು ಇವತ್ತು ಹೇಳಬೇಕೆಂದಿರುವುದೇ ಅದು.

ಪ್ಯಾರಿಸ್ಸಿನ ಶಾಲೆಯಲ್ಲಿ ಅವನ ಜೊತೆ ಓದಿದ ಒಬ್ಬ ಹುಡುಗನ ಹೆಸರು ಪಿಯರ್ ಮತ್ತಿಸ್. ಹೌದು, ದೊಡ್ಡ ಕಲಾವಿದ ಆನ್ರಿ ಮತ್ತಿಸ್‌ನ ಮಗ. ಈ ಹೆಸರು ನೆನಪಿರಲಿ. 1918ರಲ್ಲಿ ತಾಂಗಿ ಸರಕು ಹಡಗು ಹತ್ತಿದ. ದಕ್ಷಿಣ ಅಮೆರಿಕ, ಆಫ್ರಿಕಾ ಅಂತ ಸುತ್ತಿದ. 1920ರಲ್ಲಿ ಸೈನ್ಯದ ಕಡ್ಡಾಯ ಸೇವೆ. ಅಲ್ಲಿ ಸಿಕ್ಕವನು ಜಾಕ್ ಪ್ರೆವೆರ್, ಮುಂದೆ ಫ್ರಾನ್ಸಿನ ಮನೆಮಾತಾದ ಕವಿ. ಸೈನ್ಯ ಬಿಟ್ಟು 1922ರಲ್ಲಿ ಪ್ಯಾರಿಸ್ಸಿಗೆ ಬಂದ ಮೇಲೆ ಇಬ್ಬರೂ ಸಿಕ್ಕ ಕೆಲಸ ಮಾಡುತ್ತಾ, ಸಿಕ್ಕಷ್ಟು ಕುಡಿಯುತ್ತಾ ಅಲೆದರು. ಮಾರ್ಸೆಲ್ ದುವಾಮೆಲ್ ಎಂಬ ಇನ್ನೊಬ್ಬ ಗೆಳೆಯನಿಗೆ ಹೋಟೆಲ್ ನೋಡಿಕೊಳ್ಳುವ ಕೆಲಸವಿತ್ತು. ಅಂದರೆ ಸಂಬಳವಿತ್ತು. ಅವನು ಷಾತೋ ಬೀದಿಯ 54ನೇ ನಂಬರಿನ ಹಳೆಯ ಮನೆ ಹಿಡಿದ. ಮೂವರೂ ಅಲ್ಲಿ ಸೇರಿಕೊಂಡರು. ಒಬ್ಬನ ಸಂಬಳದಲ್ಲಿ ಮೂವರ ಊಟ. ಇಂಥ ಒಬ್ಬ ಗೆಳೆಯ ಇಲ್ಲದೆ ಯಾವ ಊರಿನಲ್ಲೂ ಕಲೆ ಹುಟ್ಟಿಲ್ಲ, ಆದರೆ ಕಲೆಯ ಇತಿಹಾಸದಲ್ಲಿ ಅವನಿಗೆ ಒಂದೇ ಸಾಲು ಸಿಗುತ್ತದೆ.

ಆ ಮನೆಯಲ್ಲೇ 1925ರ ಹೊತ್ತಿಗೆ ಒಂದು ಆಟ ಹುಟ್ಟಿತು. ಒಂದು ಕಾಗದ. ಮೊದಲನೆಯವನು ಒಂದು ಪದ ಬರೆದು ಮಡಿಚಿ ಕೊಡಬೇಕು. ಎರಡನೆಯವನು ಅದನ್ನು ನೋಡದೆ ಮುಂದಿನ ಪದ ಬರೆಯಬೇಕು. ಕೊನೆಗೆ ಬಿಚ್ಚಿ ಓದಿದಾಗ ಬಂದ ಒಂದು ವಾಕ್ಯ: 'ಸೊಗಸಾದ ಶವ ಹೊಸ ಮದ್ಯ ಕುಡಿಯುತ್ತದೆ.' ಆಟಕ್ಕೆ ಅದೇ ಹೆಸರು ನಿಂತಿತು, ಸೊಗಸಾದ ಶವ. ಆಮೇಲೆ ಪದದ ಬದಲು ಚಿತ್ರ ಬಂತು. ಒಬ್ಬ ತಲೆ ಬರೆದು ಮಡಿಚುತ್ತಾನೆ, ಇನ್ನೊಬ್ಬ ಹೊಟ್ಟೆ, ಮತ್ತೊಬ್ಬ ಕಾಲು. ಮಕ್ಕಳಾಟ ಅನ್ನಿಸಬಹುದು. ಆದರೆ ಸರ್ರಿಯಲಿಸಂ ಏನು ಅಂತ ಕೇಳಿದರೆ ನಾನು ಉಪನ್ಯಾಸ ಕೊಡುವುದಿಲ್ಲ, ಈ ಕಾಗದ ಮಡಿಚಿ ಕೊಡುತ್ತೇನೆ. ನಿನ್ನ ಬುದ್ಧಿ ಮುಂದಾಗಿ ಹೋಗಿ ದಾರಿ ಗೊತ್ತುಮಾಡಬಾರದು. ಕೈ ಮೊದಲು ಹೋಗಲಿ, ಬುದ್ಧಿ ಹಿಂದೆ ಬರಲಿ. ಅಷ್ಟೇ. ತಾಂಗಿ ಈ ಆಟವನ್ನು ಮೂವತ್ತು ವರ್ಷ ಒಬ್ಬನೇ ಆಡಿದ.

ಅವನ ಮೊದಮೊದಲ ಚಿತ್ರಗಳು, 1925ರ ಸುಮಾರಿನವು, ಕಲಿಯುವವನ ಕೆಲಸ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ವಾಲಿದ ಬೀದಿಗಳು, ಪೆದ್ದು ಪೆದ್ದಾದ ಮನುಷ್ಯರು, ದಿ ಕಿರಿಕೊನಿಂದ ಕಡ ತಂದ ಖಾಲಿತನ. ಬೇಗ ದಾಟಿಬಿಡೋಣ. ಎರಡೇ ವರ್ಷದಲ್ಲಿ ಏನಾಯಿತು ನೋಡಿ.

1927. ಚಿತ್ರದ ಹೆಸರು 'ಅಮ್ಮಾ, ಅಪ್ಪನಿಗೆ ಗಾಯವಾಗಿದೆ!' ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಎತ್ತರ 92 ಸೆಂಟಿಮೀಟರ್, ಅಗಲ 73. ಅಂದರೆ ನಮ್ಮ ಮನೆಯ ಕಿಟಕಿಯ ಒಂದು ಬಾಗಿಲಿನಷ್ಟು. ನಾನು ಅದನ್ನು ಒಮ್ಮೆ ಎದುರಿಗೇ ನಿಂತು ನೋಡಿದ್ದೇನೆ. ಮಗನ ಮನೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ತಪ್ಪಿಸಿಕೊಂಡು ಹೋಗಿದ್ದೆ. ಬೂದು ಬಣ್ಣದ ದೊಡ್ಡ ಬಯಲು. ಅದರ ಮೇಲೆ ಮಬ್ಬು ಆಕಾಶ. ಬಲಗಡೆ ಒಂದು ಉದ್ದನೆಯ ಕಂಬ, ಅದಕ್ಕೆ ಕೂದಲು ಬೆಳೆದಿದೆ. ಇನ್ನೊಂದು ಕಡೆ ದಾರದ ಆಟದಲ್ಲಿ ಬೆರಳುಗಳ ನಡುವೆ ಎಳೆದು ಹಿಡಿಯುವ ಹಾಗೆ ತೆಳ್ಳನೆಯ ಗೆರೆಗಳು. ನೆಲದ ಹತ್ತಿರ ಅವರೆಕಾಳಿನಂಥ ಒಂದೆರಡು ಮುದ್ದೆ. ಅಮ್ಮ ಇಲ್ಲ. ಅಪ್ಪ ಇಲ್ಲ. ಗಾಯವೂ ಇಲ್ಲ. ಆದರೂ ಏನೋ ಆಗಬಾರದ್ದು ಆಗಿಹೋಗಿದೆ, ನಾವು ಸ್ವಲ್ಪ ತಡವಾಗಿ ಬಂದೆವು ಅನ್ನಿಸುತ್ತದೆ.

ಯಾಕೆ ಹಾಗನ್ನಿಸುತ್ತದೆ? ಅಲ್ಲಿ ನಿಂತು ಬಹಳ ಹೊತ್ತು ಯೋಚಿಸಿದೆ. ಆಗ ನೆನಪಾದವರು ನಮ್ಮ ಬೀದಿಯ ಬೋರ್ಡ್ ಬರೆಯುವವರು. ನಾನು ಚಿಕ್ಕವನಿದ್ದಾಗ ಶಾಲೆ ಬಿಟ್ಟ ಮೇಲೆ ಅವರ ಅಂಗಡಿ ಮುಂದೆ ನಿಂತುಬಿಡುತ್ತಿದ್ದೆ. ತಗಡಿನ ಮೇಲೆ ಹಳದಿಯಲ್ಲಿ ಅಕ್ಷರ ಬರೆಯುತ್ತಿದ್ದರು. ಅಲ್ಲಿಯವರೆಗೆ ಅದು ಬರೀ ಬಣ್ಣ. ಕೊನೆಗೆ ಸಣ್ಣ ಕುಂಚ ತೆಗೆದು ಪ್ರತಿ ಅಕ್ಷರದ ಬಲಕ್ಕೂ ಕೆಳಕ್ಕೂ ಒಂದು ಕಪ್ಪು ಗೆರೆ ಎಳೆಯುತ್ತಿದ್ದರು. ಅಷ್ಟೇ! ಅಕ್ಷರ ತಗಡಿನಿಂದ ಎದ್ದು ಬಂದುಬಿಡುತ್ತಿತ್ತು. ಕೈಯಲ್ಲಿ ಕಿತ್ತುಕೊಳ್ಳಬಹುದು ಅನ್ನುವ ಹಾಗೆ.

ತಾಂಗಿ ಮಾಡಿದ್ದೂ ಇದನ್ನೇ. ಹೆಸರಿಲ್ಲದ ಒಂದು ಮುದ್ದೆಗೆ ಅವನು ಕರಾರುವಾಕ್ಕಾದ ನೆರಳು ಕೊಟ್ಟ. ನೆರಳು ಬಿತ್ತು ಅಂದಮೇಲೆ ವಸ್ತು ಇದೆ ಅಂತಾಯಿತು. ವಸ್ತು ಇದೆ, ಆದರೆ ಅದು ಏನು ಅಂತ ಗೊತ್ತಿಲ್ಲ. ಕಣ್ಣು ಒಪ್ಪಿಕೊಳ್ಳುತ್ತದೆ, ಬುದ್ಧಿ ತಡಕಾಡುತ್ತದೆ. ಬರೀ ಆಕಾರ ಬರೆದಿದ್ದರೆ 'ಓ, ಅಮೂರ್ತ ಕಲೆ' ಅಂತ ಮುಂದಿನ ಕೋಣೆಗೆ ಹೋಗಿಬಿಡಬಹುದಿತ್ತು. ನೆರಳು ಬಿಡುವುದಿಲ್ಲ. ಇನ್ನೂ ಒಂದು ಮಾತು. ಇಷ್ಟೆಲ್ಲ ನೆರಳು ಬೀಳುತ್ತದಲ್ಲ, ಆ ಬೆಳಕು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನೋಡಿ. ಅವನ ಆಕಾಶದಲ್ಲಿ ಸೂರ್ಯ ಕಾಣುವುದೇ ಇಲ್ಲ.

ಚಿತ್ರದ ಹೆಸರಿನ ಬಗ್ಗೆ ಒಂದು ತಮಾಷೆ ಇದೆ. 1927ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಗ್ಯಾಲರಿಯಲ್ಲಿ ಅವನ ಮೊದಲ ಒಂಟಿ ಪ್ರದರ್ಶನ. ಚಿತ್ರಗಳು ಸಿದ್ಧ, ಹೆಸರಿಲ್ಲ. ತಾಂಗಿಯೂ ಬ್ರೆಟನ್ನೂ ಒಂದಿಡೀ ಮಧ್ಯಾಹ್ನ ಕೂತು ಮನೋರೋಗದ ಪುಸ್ತಕ ತಿರುವಿ, ರೋಗಿಗಳು ಆಡಿದ ಮಾತುಗಳನ್ನು ಹೆಕ್ಕಿ ಚಿತ್ರಗಳಿಗೆ ಹೆಸರಿಟ್ಟರು. ಇದು ತಾಂಗಿಯೇ ಹೇಳಿಕೊಂಡದ್ದು. ಎಷ್ಟೋ ವರ್ಷದ ಮೇಲೆ ಸಂಶೋಧಕರು ಜಾಡು ಹಿಡಿದು ಹೋದರೆ, ಆ ಹೆಸರುಗಳಲ್ಲಿ ಹಲವು ಸಿಕ್ಕಿದ್ದು ಬೇರೆ ಕಡೆ. ಷಾರ್ಲ್ ರಿಷೆ ಎಂಬ ನೊಬೆಲ್ ಪಡೆದ ಶರೀರವಿಜ್ಞಾನಿ ಅತೀಂದ್ರಿಯ ಶಕ್ತಿ, ಮುನ್ಸೂಚನೆ ಇವುಗಳ ಬಗ್ಗೆ ಬರೆದ ದಪ್ಪ ಪುಸ್ತಕದಲ್ಲಿ. ಹಾಗಾಗಿ ಎಂಟನೇ ವಯಸ್ಸಿನಲ್ಲಿ ಅಪ್ಪನನ್ನು ಕಳೆದುಕೊಂಡ ಹುಡುಗ ದೊಡ್ಡವನಾಗಿ ಬರೆದ ಚಿತ್ರ ಇದು ಅಂತ ಕಣ್ಣೀರು ಹಾಕುವ ಮೊದಲು ಸ್ವಲ್ಪ ತಾಳಿ. ಚಿತ್ರ ಮೊದಲು ಬಂತು, ಹೆಸರು ಅಂಗಡಿಯಿಂದ ತಂದ ಲೇಬಲ್ಲು. ಆದರೆ ಅಷ್ಟು ದೊಡ್ಡ ಪುಸ್ತಕದಲ್ಲಿ ಆ ಒಂದು ಸಾಲನ್ನೇ ಯಾಕೆ ಆರಿಸಿದ ಅಂತ ನೀವು ಕೇಳಿದರೆ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಈ ಹಂತದಲ್ಲಿ ಸಭೆಯಿಂದ ಒಬ್ಬರು ಕೇಳಿದರು. 'ಸಾರ್, ಶಾಲೆಗೆ ಹೋಗದೆ ಕಲಿತವರು ಅಂತೀರಿ. ಇಷ್ಟು ನಯವಾಗಿ ಹೇಗೆ ಬರೆದರು?' ಒಳ್ಳೆಯ ಪ್ರಶ್ನೆ. ತಾನೇ ಕಲಿತವನು ಅಂದರೆ ಒರಟು, ಮುಗ್ಧ, ಹಳ್ಳಿಯ ಗೋಡೆಚಿತ್ರದ ಹಾಗೆ ಅಂತ ನಮಗೆ ಒಂದು ಲೆಕ್ಕ ಇದೆ. ತಾಂಗಿ ಅದಕ್ಕೆ ತದ್ವಿರುದ್ಧ. ಅವನ ಕ್ಯಾನ್ವಾಸಿನಲ್ಲಿ ಕುಂಚದ ಗುರುತು ಹುಡುಕಿದರೂ ಸಿಗುವುದು ಕಷ್ಟ. ಆಕಾಶದ ಬೂದು ನೆಲದ ಬೂದಿಗೆ ಇಳಿಯುವುದು ನಮಗೆ ಗೊತ್ತೇ ಆಗುವುದಿಲ್ಲ. ಮೊದಲ ಕೆಲವು ವರ್ಷ ದಿಗಂತಕ್ಕೆ ಒಂದು ಗೆರೆ ಇತ್ತು. ಮೂವತ್ತರ ದಶಕದಲ್ಲಿ ಆ ಗೆರೆಯನ್ನೂ ಅಳಿಸಿಬಿಟ್ಟ. ನೆಲ ಎಲ್ಲೋ ಆಕಾಶವಾಗಿಬಿಡುತ್ತದೆ. ಲೋಕ್ರೊನಾನಿನ ಮಂಜಿನ ದಿನದ ಹಾಗೆ. ಇಷ್ಟು ತಾಳ್ಮೆ ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಕೈಯನ್ನು ಅಷ್ಟು ಪಳಗಿಸಿದವನು ಒಂದನ್ನು ಮಾತ್ರ ಕಲಿಯಲು ಒಪ್ಪಲಿಲ್ಲ. ಮೊದಲೇ ಯೋಚಿಸಿ ಗೆರೆ ಹಾಕಿಕೊಳ್ಳುವುದನ್ನು. ಕಲಾಶಾಲೆಯಲ್ಲಿ ಮೊದಲ ದಿನ ಹೇಳಿಕೊಡುವ ಪಾಠವೇ ಅದು. ಸ್ಕೆಚ್ ಮಾಡು, ಆಮೇಲೆ ದೊಡ್ಡದು ಮಾಡು. ತಾಂಗಿ 1930ರಲ್ಲಿ ಉತ್ತರ ಆಫ್ರಿಕಾಕ್ಕೆ ಹೋಗಿಬಂದ. ಪದರ ಪದರವಾಗಿ ನಿಂತ ಬಂಡೆ ನೋಡಿ ಬಂದವನ ಚಿತ್ರಗಳಲ್ಲಿ ಪ್ರಸ್ಥಭೂಮಿಯಂಥ ಮೆಟ್ಟಿಲುಗಳು ಎದ್ದವು. ಆಗ ಸ್ವಲ್ಪ ಕಾಲ ಮೊದಲೇ ಸ್ಕೆಚ್ ಮಾಡಿಕೊಂಡು ಬರೆದು ನೋಡಿದ. ಬೇಗ ಬಿಟ್ಟ. ಏನು ಬರುತ್ತದೆ ಅಂತ ಗೊತ್ತಾದ ಮೇಲೆ ಬರೆಯುವುದರಲ್ಲಿ ಅವನಿಗೆ ರುಚಿ ಇರಲಿಲ್ಲ. ಚಿತ್ರ ತನ್ನ ಕಣ್ಣ ಮುಂದೆ ತಾನೇ ಬಿಚ್ಚಿಕೊಳ್ಳುತ್ತಾ ಹೋಗಬೇಕು, ತನಗೇ ಅಚ್ಚರಿಯಾಗಬೇಕು ಅನ್ನುತ್ತಿದ್ದ. ಯೋಚನೆಯನ್ನಲ್ಲ, ಕೈಯ ಚುರುಕನ್ನು ನಂಬುತ್ತೇನೆ ಅಂದವನು ಅವನು. ಒಂದು ಕಡೆ ಅಕ್ಕಸಾಲಿಗನ ಕೈಚಳಕ, ಇನ್ನೊಂದು ಕಡೆ ನಾಳೆ ಏನು ಬರೆಯುತ್ತೇನೋ ಗೊತ್ತಿಲ್ಲ ಅನ್ನುವ ಹಟ. ಇವೆರಡೂ ಒಂದೇ ಮನುಷ್ಯನಲ್ಲಿ ಸಿಗುವುದು ಅಪರೂಪ.

ಮ್ಯಾಡ್ರಿಡ್ಡಿನ ಕಲಾಶಾಲೆಯಲ್ಲಿ ಓದಿ, ಅಲ್ಲಿಂದ ಹೊರಗೆ ಹಾಕಿಸಿಕೊಂಡ ಸಾಲ್ವದೋರ್ ಡಾಲಿಯ ಹೆಸರು ನಿಮಗೆಲ್ಲ ಗೊತ್ತು. ಕರಗಿದ ಗಡಿಯಾರ, ಚೂಪು ಮೀಸೆ. ಡಾಲಿ ಸರ್ರಿಯಲಿಸಂ ಕಡೆ ಹೊರಳುತ್ತಿದ್ದ ದಿನಗಳ ಚಿತ್ರಗಳನ್ನು ತಾಂಗಿಯ ಚಿತ್ರಗಳ ಪಕ್ಕ ಇಟ್ಟು ನೋಡಿ. ಆ ಖಾಲಿ ಬಯಲು, ಉದ್ದ ನೆರಳು, ಮೆತ್ತನೆಯ ಆಕಾರಗಳು ಯಾರ ಮನೆಯಿಂದ ಬಂದವು ಅಂತ ಗೊತ್ತಾಗುತ್ತದೆ. ಡಾಲಿ ಅಲ್ಲಿ ಗಡಿಯಾರ ಇಟ್ಟ, ಆನೆ ಇಟ್ಟ, ಹೆಸರು ಹೇಳಬಹುದಾದ ವಸ್ತು ಇಟ್ಟ. ಜನಕ್ಕೆ ಹಿಡಿಯಲು ಒಂದು ಹಿಡಿ ಸಿಕ್ಕಿತು. ತಾಂಗಿ ಕೊನೆಯವರೆಗೂ ಆ ಹಿಡಿ ಕೊಡಲಿಲ್ಲ. ಒಬ್ಬನ ಚಿತ್ರ ಟೀ ಶರ್ಟಿನ ಮೇಲೆ ಬಂತು, ಇನ್ನೊಬ್ಬನ ಬಗ್ಗೆ ಮಾತಾಡಲು ನನ್ನಂಥವನು ಬೇಕಾಯಿತು.

ದುಡ್ಡಿನ ಮಾತು ಬಂದರೆ, ತಾಂಗಿಯ ಬಹುಪಾಲು ದಿನಗಳು ಬಡತನದವು. 1938ರಲ್ಲಿ ಲಂಡನ್ನಿನಲ್ಲಿ ಗ್ಯಾಲರಿ ನಡೆಸುತ್ತಿದ್ದ ಅಮೆರಿಕದ ಶ್ರೀಮಂತೆ ಪೆಗ್ಗಿ ಗುಗೆನ್‌ಹೈಮ್ ಅವನ ಚಿತ್ರಗಳ ಪ್ರದರ್ಶನ ಮಾಡಿದಳು. ಚೆನ್ನಾಗಿ ಮಾರಾಟವಾಯಿತು. ಕೈಗೆ ಬಂದ ನೋಟುಗಳನ್ನು ಉಂಡೆ ಕಟ್ಟಿ ಕೆಫೆಯಲ್ಲಿ ಪಕ್ಕದ ಮೇಜಿನವರ ಕಡೆ ಎಸೆಯುತ್ತಿದ್ದನಂತೆ. ಪೆಗ್ಗಿಗೆ ಕಿವಿಯೋಲೆಯ ಮೇಲೆ ಪುಟ್ಟ ಪುಟ್ಟ ಚಿತ್ರ ಬರೆದುಕೊಟ್ಟ. ಒಂದು ಬಯಲು, ಅದಕ್ಕೊಂದು ಆಕಾಶ, ಎಲ್ಲ ಕಿವಿಯೋಲೆಯಷ್ಟೇ ಜಾಗದಲ್ಲಿ! ಮುಂದೆ 1942ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಹೊಸ ಗ್ಯಾಲರಿ ತೆರೆದ ರಾತ್ರಿ ಪೆಗ್ಗಿ ಒಂದು ಕಿವಿಗೆ ತಾಂಗಿಯ ಓಲೆ, ಇನ್ನೊಂದಕ್ಕೆ ಅಮೂರ್ತ ಶಿಲ್ಪಿ ಕಾಲ್ಡರ್ ಮಾಡಿಕೊಟ್ಟ ಓಲೆ ಹಾಕಿಕೊಂಡು ಬಂದಳು. ಸರ್ರಿಯಲಿಸಂ, ಅಮೂರ್ತ ಕಲೆ ಎರಡೂ ನನಗೆ ಸಮ ಅಂತ ತೋರಿಸಲು.

ಆದರೆ ಅವನ ಉಳಿದ ಬದುಕು ಇನ್ನೊಬ್ಬಳ ಜೊತೆ. ಕೇ ಸೇಜ್, ಅಮೆರಿಕದವಳು, ಸ್ವತಃ ಕಲಾವಿದೆ. ಒಂದು ಕಾಲಕ್ಕೆ ಇಟಲಿಯ ರಾಜಕುಮಾರನೊಬ್ಬನ ಹೆಂಡತಿಯಾಗಿದ್ದು, ಅದನ್ನು ಬಿಟ್ಟು ಪ್ಯಾರಿಸ್ಸಿಗೆ ಬಂದಿದ್ದಳು. ಯುದ್ಧ ಶುರುವಾದ 1939ರಲ್ಲಿ ಇಬ್ಬರೂ ಅಮೆರಿಕಕ್ಕೆ ಹೋದರು. 1940ರ ಆಗಸ್ಟಿನಲ್ಲಿ ನೆವಾಡಾದ ರೀನೋ ಊರಿನಲ್ಲಿ ಮದುವೆ. ಆಮೇಲೆ ಕನೆಟಿಕಟ್ ರಾಜ್ಯದ ವುಡ್‌ಬರಿ ಎಂಬ ಸಣ್ಣ ಊರಿನಲ್ಲಿ ಹಳೆಯ ತೋಟದ ಮನೆ. ಅಲ್ಲಿನ ಕೊಟ್ಟಿಗೆಯನ್ನು ಎರಡು ಭಾಗ ಮಾಡಿ ಇಬ್ಬರೂ ಒಂದೊಂದು ಸ್ಟುಡಿಯೋ ಮಾಡಿಕೊಂಡರು. ನ್ಯೂಯಾರ್ಕಿನಲ್ಲಿ ಅವನ ಚಿತ್ರ ಮಾರುತ್ತಿದ್ದವನು ಯಾರು ಗೊತ್ತಾ? ಶಾಲೆಯ ಗೆಳೆಯ ಪಿಯರ್ ಮತ್ತಿಸ್.

ಅಮೆರಿಕಕ್ಕೆ ಹೋದ ಮೇಲೆ ಬಣ್ಣ ಏರಿತು. ಬೂದಿನ ನಡುವೆ ಉರಿಯುವ ಕೆಂಪು, ಗಟ್ಟಿ ನೀಲಿ. ಯಾಕೆ ಅಂತ ಕೇಳಿದವರಿಗೆ ತಾಂಗಿ ಹೇಳಿದ್ದು ಇಷ್ಟು: ಇಲ್ಲಿಯ ಬೆಳಕೇ ಕಾರಣವೋ ಏನೋ, ಮತ್ತೆ ಇಲ್ಲಿ ಜಾಗ ಜಾಸ್ತಿ. 1942ರ 'ಕೊನೆಯಿಲ್ಲದ ವಿಭಜನೆ'ಯಲ್ಲಿ ಮುದ್ದೆಗಳು ಹೋಗಿ, ಎಲುಬೋ ಕಬ್ಬಿಣವೋ ತಿಳಿಯದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ನಿಲ್ಲಿಸಿದ ಒಂದು ಯಂತ್ರದಂಥದ್ದು ಬಂದಿದೆ. ಈಗಲೋ ಆಗಲೋ ಬಿದ್ದುಹೋಗುವ ಹಾಗಿದೆ. ಅದರ ನೆರಳು ಮಾತ್ರ ಹಾಯಾಗಿ ಉದ್ದಕ್ಕೆ ಮಲಗಿದೆ.

ಜಾಗ ಜಾಸ್ತಿ ಅಂದವನೇ ಕೊನೆಗೆ ಏನು ಬರೆದ ನೋಡಿ. 1954, 'ಕಮಾನುಗಳ ಗುಣಾಕಾರ'. ಒಂದೂವರೆ ಮೀಟರ್ ಅಗಲದ ಕ್ಯಾನ್ವಾಸ್. ಮುಂದುಗಡೆಯಿಂದ ಹಿಡಿದು ದಿಗಂತದವರೆಗೆ ಕಲ್ಲು. ಬರೀ ಕಲ್ಲು. ಚೂಪು, ದುಂಡು, ನುಣುಪು, ಒಂದಕ್ಕೊಂದು ಒತ್ತಿಕೊಂಡು ಸಾವಿರಾರು. ಇಡೀ ಜೀವನ ಖಾಲಿ ಬಯಲು ಬರೆದವನು ಕಾಲಿಡಲು ಜಾಗ ಬಿಟ್ಟಿಲ್ಲ. ಮೇಲೆ ಉಳಿದದ್ದು ಒಂದು ಪಟ್ಟಿಯಷ್ಟು ಆಕಾಶ. ಅಷ್ಟು ಕಲ್ಲಿಗೂ, ಒಂದೊಂದಕ್ಕೂ ಅದರದರ ನೆರಳು ಇದೆ. ಪ್ರೊಜೆಕ್ಟರಿನಲ್ಲಿ ಇದನ್ನು ತೋರಿಸಿದಾಗ ಸಭೆ ಒಂದು ನಿಮಿಷ ಸದ್ದು ಮಾಡಲಿಲ್ಲ. ನೇರಳೆ ಬಣ್ಣಕ್ಕೂ ಆ ಚಿತ್ರವನ್ನು ಕೆಡಿಸಲು ಆಗಲಿಲ್ಲ.

ಆ ವರ್ಷವೇ ಹಾರ್ಟ್‌ಫರ್ಡ್ ಊರಿನ ಸಂಗ್ರಹಾಲಯದಲ್ಲಿ ಗಂಡ ಹೆಂಡತಿ ಇಬ್ಬರ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ಪ್ರದರ್ಶನ ಮಾಡಿದರು. 1955ರ ಜನವರಿ 15ರಂದು ತಾಂಗಿ ಮಿದುಳಿನ ರಕ್ತಸ್ರಾವದಿಂದ ಸತ್ತ. ಐವತ್ತೈದು ತುಂಬಿ ಹತ್ತು ದಿನವಾಗಿತ್ತು.

ಕೇ ಆಮೇಲೆ ಎಂಟು ವರ್ಷ ಇದ್ದಳು. ಕಣ್ಣಿಗೆ ಪೊರೆ ಬಂತು, ಚಿತ್ರ ಬರೆಯುವುದು ಕಷ್ಟವಾಯಿತು. ಆ ಕಣ್ಣಿನಲ್ಲೇ ಒಂದು ಕೆಲಸ ಹಿಡಿದಳು. ಗಂಡ ಬರೆದ ಪ್ರತಿಯೊಂದು ಚಿತ್ರವನ್ನೂ ಹುಡುಕಿ, ಯಾವುದು ಯಾವ ವರ್ಷದ್ದು, ಅಳತೆ ಎಷ್ಟು, ಈಗ ಯಾರ ಹತ್ತಿರ ಇದೆ ಅಂತ ಪಟ್ಟಿ ಮಾಡುವುದು. 1963ರ ಜನವರಿಯಲ್ಲಿ ಆಕೆ ತನ್ನ ಜೀವವನ್ನು ತಾನೇ ತೆಗೆದುಕೊಂಡಳು. ಪಟ್ಟಿ ಅದೇ ವರ್ಷ ಪುಸ್ತಕವಾಗಿ ಬಂತು.

ಇಬ್ಬರ ಬೂದಿಯನ್ನೂ ಅಟ್ಲಾಂಟಿಕ್ ದಾಟಿಸಿ ಬ್ರಿಟನಿ ಸೀಮೆಗೆ ತಂದವನು ಪಿಯರ್ ಮತ್ತಿಸ್. ದುವರ್ನೆನೆಯ ಸಮುದ್ರತೀರದಲ್ಲಿ ಚೆಲ್ಲಿದ. ಅಲ್ಲಿಂದ ಲೋಕ್ರೊನಾನ್ ಸುಮಾರು ಹತ್ತು ಕಿಲೋಮೀಟರ್.